ಕಾಲಾಳು ಮತ್ತು ಭೂಪಟ

ಭೂಪಟವೆಂದೊಡನೆ ಪಾಠಶಾಲೆಯ ಗೋಡೆ ಕಣ್ಣಿಗೆ ಕಟ್ಟುತ್ತದೆ. ಮೇಲೊಂದು ಕೆಳಗೊಂದು ಕೋಲು, ನಡುವೆ ಬಣ್ಣಬಣ್ಣದ ದೇಶ, ಅದರ ಮುಂದೆ ಬೆತ್ತ ಹಿಡಿದು ನಿಂತ ಉಪಾಧ್ಯಾಯರು. ಆದರೆ ಆ ಶಬ್ದದ ಒಡಲಿನಲ್ಲಿ ಇರುವುದು ಗೋಡೆಯಲ್ಲ, ಬಟ್ಟೆ. ಪಟವೆಂಬ ಸಂಸ್ಕೃತ ಶಬ್ದಕ್ಕೆ ವಸ್ತ್ರವೆಂಬುದೇ ಮೊದಲ ಅರ್ಥ. ಇಂಗ್ಲಿಷಿನ ಮ್ಯಾಪ್ ಎಂಬ ಮಾತಿನ ಬೇರನ್ನು ಹುಡುಕಿದರೂ ಲ್ಯಾಟಿನ್ನಿನಲ್ಲಿ ಕೈವಸ್ತ್ರವೆಂಬ ಅರ್ಥದ ಮಾಪ್ಪಾ ಎಂಬ ಶಬ್ದವೇ ಸಿಗುತ್ತದೆ. ಎರಡು ಭಾಷೆಗಳು ಒಂದನ್ನೊಂದು ಕೇಳದೆಯೇ ಒಂದೇ ಸಂಗತಿಯನ್ನು ಹೇಳಿದಂತಾಯಿತು: ಭೂಪಟವೆಂಬುದು ಮಡಿಸತಕ್ಕ ವಸ್ತು, ಹೊರತಕ್ಕ ವಸ್ತು, ಬಿಚ್ಚಿ ಮತ್ತೆ ಮಡಿಸತಕ್ಕ ವಸ್ತು. ಈ ಮೂಲಾರ್ಥವನ್ನು ಇಂದಿಗೂ ಉಳಿಸಿಕೊಂಡು ಬಂದಿರುವವನು ಭೂಗೋಳದ ಪಂಡಿತನಲ್ಲ, ನಡೆದು ಹೋಗುವ ಸಿಪಾಯಿ. ಹಳಗನ್ನಡದವರು ಅವನನ್ನು ಕಾಲಾಳು ಎಂದರು. ಸಂಸ್ಕೃತದವರು ಪದಾತಿ ಎಂದರು. ರಥ ಗಜ ತುರಗಗಳ ಸಾಲಿನಲ್ಲಿ ಕೊನೆಗೆ ನಿಂತವನು ಆತ. ಕಾವ್ಯಗಳಲ್ಲಿ ಅವನಿಗೆ ದೊರೆತ ಪದ್ಯಗಳು ಕಡಮೆ. ನೆಲದ ಪರಿಚಯ ಮಾತ್ರ ಅವನಿಗೇ ಹೆಚ್ಚು.

ಭೂಪಟವನ್ನು ಓದುವ ವಿದ್ಯೆಯನ್ನು ಕುರಿತು ಹೇಳುವವರು ಅನೇಕರು. ಅದನ್ನು ಹೊರುವ, ಅಣಿಗೊಳಿಸುವ, ಕಾಪಾಡುವ ವಿದ್ಯೆಯೊಂದಿದೆಯೆಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಓದಲು ಬಲ್ಲವನ ಕೈಗೆ ಬೇಕಾದ ಹೊತ್ತಿನಲ್ಲಿ ಬೇಕಾದ ಹಾಳೆ ಬಾರದೆ ಹೋದರೆ ಅವನ ವಿದ್ಯೆಯಿಂದ ಏನು ಪ್ರಯೋಜನ? ಕಾಲಾಳಿನ ಬೆನ್ನ ಮೇಲೆ ಇಪ್ಪತ್ತು ಕಿಲೋಗ್ರಾಂಗೂ ಮಿಗಿಲಾದ ಹೊರೆ; ಕೈಯಲ್ಲಿ ಬಂದೂಕು; ಸೊಂಟದಲ್ಲಿ ನೀರು. ಈ ಎಲ್ಲದರ ನಡುವೆ ನೂರು ಗ್ರಾಮು ತೂಗದ ಒಂದು ಕಾಗದ. ಹೊರೆಗಳಲ್ಲೆಲ್ಲ ಅತ್ಯಂತ ಹಗುರವಾದುದೇ ಅತ್ಯಂತ ಎಚ್ಚರವನ್ನು ಬೇಡುತ್ತದೆ. ನೀರು ಚೆಲ್ಲಿದರೆ ಮುಂದಿನ ಊರಿನಲ್ಲಿ ತುಂಬಿಕೊಳ್ಳಬಹುದು. ಹಾಳೆ ಹರಿದರೆ ಮುಂದಿನ ಊರು ಎಲ್ಲಿದೆಯೆಂಬುದೇ ತಿಳಿಯದು.

ಈ ಮಾತಿಗೆ ಉತ್ತರ ಕನ್ನಡದ ಮಾವಳ್ಳಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಮಾವಳ್ಳಿಯೆಂದರೆ ಹೊರಗಿನವರಿಗೆ ಕೂಡಲೇ ತಿಳಿಯದು. ಮುರ್ಡೇಶ್ವರದ ಕ್ಷೇತ್ರವಿರುವ ಊರೆಂದರೆ ಎಲ್ಲರಿಗೂ ತಿಳಿಯುತ್ತದೆ. ಮೂರು ಕಡೆ ಸಮುದ್ರವನ್ನು ಹೊದ್ದ ಕಂದುಕಗಿರಿ, ಅದರ ಮೇಲೆ 123 ಅಡಿ ಎತ್ತರದ ಶಿವನ ಮೂರ್ತಿ, 2008ರಲ್ಲಿ ತಲೆಯೆತ್ತಿದ 237 ಅಡಿಗಳ ರಾಜಗೋಪುರ, ಪಡುವಣದ ನೀರಿನಲ್ಲಿ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪ. ಯಾತ್ರಿಕನಿಗೆ ಇಷ್ಟು ಸಾಕು. ಆದರೆ ಭಾರತೀಯ ಸರ್ವೇಕ್ಷಣ ಇಲಾಖೆಯ ಹಾಳೆಗಳ ಲೆಕ್ಕದಲ್ಲಿ ಈ ಊರಿಗೆ ಒಂದು ವಿಚಿತ್ರವಾದ ಸ್ಥಾನವಿದೆ.

ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲಾಖೆಯ ಹಳೆಯ ಪದ್ಧತಿಯಂತೆ ದೇಶವನ್ನು ಅಕ್ಷಾಂಶ ರೇಖಾಂಶಗಳ ನಾಲ್ಕು ನಾಲ್ಕು ಅಂಶಗಳ ಚೌಕಗಳಾಗಿ ವಿಂಗಡಿಸಿ ಒಂದೊಂದಕ್ಕೂ ಸಂಖ್ಯೆಯನ್ನು ಕೊಟ್ಟರು. ಕರಾವಳಿಯ ಬಹುಭಾಗ ಬರುವುದು 48ರಲ್ಲಿ, ಬೆಂಗಳೂರು 57ರಲ್ಲಿ. ಪ್ರತಿಯೊಂದನ್ನೂ ಹದಿನಾರು ಭಾಗ ಮಾಡಿ ಎ ಯಿಂದ ಪಿ ವರೆಗೆ ಅಕ್ಷರಗಳನ್ನು ಇಟ್ಟರು. ಅದರಲ್ಲಿ ಒಂದೊಂದನ್ನು ಮತ್ತೆ ಹದಿನಾರು ಮಾಡಿ ಅಂಕೆಗಳನ್ನು ಇಟ್ಟರು. ಹೀಗೆ ಹುಟ್ಟಿದ ಪುಟ್ಟ ಚೌಕವೇ ಕಾಲಾಳಿನ ಹಾಳೆ. ಅದರಲ್ಲಿ ಎರಡು ಸೆಂಟಿಮೀಟರು ನೆಲದ ಮೇಲಿನ ಒಂದು ಕಿಲೋಮೀಟರಿಗೆ ಸಮ. ಹಾಳೆಯ ಉದ್ದಗಲಗಳು ನೆಲದ ಮೇಲೆ ಹೆಚ್ಚುಕಡಮೆ 27 ಕಿಲೋಮೀಟರುಗಳು. ಎಂದರೆ ಗಟ್ಟಿಗ ನಡಿಗೆಗಾರನಿಗೆ ಒಂದು ದಿನದ ದಾರಿ.

ಭಟ್ಕಳದಿಂದ ಹೊನ್ನಾವರಕ್ಕೆ ಹೆದ್ದಾರಿಯಲ್ಲಿ ಸುಮಾರು 40 ಕಿಲೋಮೀಟರ್. ಹತ್ತು ಜನರ ಒಂದು ಸೆಕ್ಷನ್ನು ಈ ದಾರಿಯನ್ನು ಕಾಲ್ನಡಿಗೆಯಲ್ಲಿ ಕ್ರಮಿಸಬೇಕಾಗಿದೆ ಎಂದಿಟ್ಟುಕೊಳ್ಳಬಹುದು. ಎಷ್ಟು ಹಾಳೆ ಬೇಕು? ಉದ್ದದ ಲೆಕ್ಕಕ್ಕೆ ಎರಡು ಸಾಕು. ಆದರೆ ಬೇಕಾಗುವುದು ನಾಲ್ಕು. ಭಟ್ಕಳ ಪಟ್ಟಣವು 14ನೆಯ ಅಕ್ಷಾಂಶಕ್ಕೆ ಕೂದಲೆಳೆಯಷ್ಟು ದಕ್ಷಿಣದಲ್ಲಿರುವುದರಿಂದ ಅದು 48 ಕೆ/9ಕ್ಕೆ ಸೇರಿತು. ಊರ ಹೊರಗೆ ಬಂದು ಶಿರಾಲಿಯ ಕಡೆ ಮುಖ ಮಾಡುವಷ್ಟರಲ್ಲಿ ಆ ಹಾಳೆ ಮುಗಿದು 48 ಜೆ/12 ತೊಡಗುತ್ತದೆ. ಉತ್ತರದಲ್ಲಿ ಹೊನ್ನಾವರವೂ ಅದರಾಚೆಯ ಕುಮಟೆಯೂ 48 ಜೆ/7ರಲ್ಲಿ ಜೊತೆಯಾಗಿ ಕುಳಿತಿವೆ. ನಡುವಿನ ಮಾವಳ್ಳಿ ಮಾತ್ರ 48 ಜೆ/8ರ ಚೌಕಕ್ಕೆ ಬಿದ್ದಿದೆ. ಆ ಚೌಕದ ಬಹುಪಾಲು ಬರಿಯ ಕಡಲು. ನೀಲಿಯ ವಿಸ್ತಾರ, ನೇತ್ರಾಣಿಯ ಒಂದು ಚುಕ್ಕಿ, ಬಲದಂಚಿನಲ್ಲಿ ನೆಲದ ಒಂದು ಕಿರಿದಾದ ಪಟ್ಟಿ, ಅಷ್ಟೆ. ಎಪ್ಪತ್ತನಾಲ್ಕೂವರೆ ಅಂಶದ ರೇಖಾಂಶವು ಮುರ್ಡೇಶ್ವರ ದೇವಾಲಯದಿಂದ ಪೂರ್ವಕ್ಕೆ ಸುಮಾರು ಒಂದು ಮೈಲು ದೂರದಲ್ಲಿ ಹಾದುಹೋಗುತ್ತದೆ. ಹಾಳೆ ಅಲ್ಲಿಗೆ ಮುಗಿಯಿತು. ಊರಿನ ಗುಡಿ ಒಂದು ಹಾಳೆಯಲ್ಲಿ, ಊರಿನ ಹಿಂದಣ ಗುಡ್ಡ ಇನ್ನೊಂದು ಹಾಳೆಯಲ್ಲಿ. ಹೆದ್ದಾರಿಯೋ ಈ ಗೆರೆಯ ಹತ್ತಿರದಲ್ಲೇ ಸಾಗುತ್ತದೆ.

ಹೊರೆಯನ್ನು ಕಡಮೆ ಮಾಡಬೇಕೆಂಬ ಆತುರದಲ್ಲಿರುವ ಅನನುಭವಿಯ ಕೈಗೆ ಈ ನಾಲ್ಕು ಹಾಳೆಗಳನ್ನು ಕೊಟ್ಟು ಒಂದನ್ನು ಬಿಟ್ಟುಬಿಡು ಎಂದರೆ ಆತ ಬಿಡುವುದು ಯಾವುದನ್ನು? ನೀರೇ ತುಂಬಿರುವುದನ್ನು. ಕಾಲಾಳಿಗೆ ಕಡಲಿನಿಂದೇನು ಎಂಬ ತರ್ಕ ತಪ್ಪೆಂದು ಕುಳಿತಲ್ಲಿ ತೋರುವುದಿಲ್ಲ. ಆದರೆ ಶಿರಾಲಿಯನ್ನು ದಾಟಿ, ವೆಂಕಟಾಪುರ ಹೊಳೆಯನ್ನು ಹಿಂದಿಕ್ಕಿ, ಇನ್ನೊಂದೆರಡು ಗಂಟೆ ನಡೆಯುವಷ್ಟರಲ್ಲಿ ಅವನ ಎಡಗೈ ಕಡೆಯ ನೆಲ ಹಾಳೆಯಿಂದ ಆಚೆಗೆ ಜಾರಿಹೋಗಿರುತ್ತದೆ. ಹತ್ತಾರು ಮೈಲಿಗಳಿಂದ ಕಾಣುವ ಗೋಪುರ ಕಣ್ಣೆದುರಿಗಿದೆ. ಕೈಯಲ್ಲಿರುವ ಯಾವ ಕಾಗದದಲ್ಲಿಯೂ ಅದಿರುವ ಸ್ಥಳವಿಲ್ಲ. ಕರಾವಳಿಯ ಆ ಭಾಗದಲ್ಲಿ ದಿಕ್ಕು ಹಿಡಿಯುವುದಕ್ಕೆ ಇರುವ ಅತ್ಯುತ್ತಮ ಗುರುತನ್ನೇ ಆತ ಬೇಡವೆಂದು ಮನೆಯಲ್ಲಿ ಬಿಟ್ಟು ಬಂದಂತಾಯಿತು. ದಾರಿ ತಪ್ಪುವುದು ಹಾಳೆಯ ನಡುವೆ ಅಲ್ಲ, ಹಾಳೆ ಹಾಳೆಗಳ ಸಂಧಿಯಲ್ಲಿ. ವ್ಯಾಕರಣ ಕಲಿಯುವ ಮಕ್ಕಳಿಗೂ ಕಷ್ಟ ಬರುವುದು ಶಬ್ದಗಳಲ್ಲಲ್ಲ, ಅವು ಕೂಡುವ ಎಡೆಯಲ್ಲಿ ಎಂಬುದನ್ನು ಉಪಾಧ್ಯಾಯರಿಗೆ ಹೇಳಬೇಕಾಗಿಲ್ಲ.

ಹಾಳೆಗಳನ್ನು ಅಣಿಗೊಳಿಸುವ ಕ್ರಮದಲ್ಲಿ ಮಠಗಳ ಓಲೆಗರಿಯ ಕಟ್ಟುಗಳನ್ನು ಕಂಡವರಿಗೆ ಹೊಸದೇನೂ ಇಲ್ಲ. ತಾಳೆಯ ಗರಿಗಳನ್ನು ತೂತಿನಲ್ಲಿ ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಇಟ್ಟು, ವಸ್ತ್ರದಲ್ಲಿ ಸುತ್ತಿ, ಅಟ್ಟದ ಮೇಲೆ ಇಡುತ್ತಿದ್ದರು. ಅಂಚಿನಲ್ಲಿ ಗರಿಯ ಅಂಕೆ. ದಾರ ಹರಿದು ಗರಿಗಳು ಚೆದುರಿದವೆಂದರೆ ಗ್ರಂಥ ಸಂಪಾದಕನ ಪಾಡು ದೇವರಿಗೇ ಪ್ರೀತಿ. ನಡುವೆ ಒಂದು ಗರಿ ಕಳೆದುಹೋದರೆ ಇಲ್ಲಿ ಗ್ರಂಥ ತ್ರುಟಿತವೆಂದು ಬರೆದು ಮುಂದೆ ಹೋಗಬೇಕು. ಗ್ರಂಥದ ತ್ರುಟಿಯನ್ನು ಊಹೆಯಿಂದ ತುಂಬಬಹುದು. ತುಂಬಿದ್ದು ತಪ್ಪಾದರೆ ವಿದ್ವಾಂಸರು ಒಂದು ಲೇಖನವನ್ನು ಬರೆದು ಖಂಡಿಸುತ್ತಾರೆ. ನೆಲದ ತ್ರುಟಿಯನ್ನು ಊಹೆಯಿಂದ ತುಂಬಿದವನಿಗೆ ಅಷ್ಟು ಸುಲಭದ ಶಿಕ್ಷೆ ಇರುವುದಿಲ್ಲ.

ಆದುದರಿಂದ ಸೇನೆಯಲ್ಲಿ ಹಾಳೆಯನ್ನು ಮಡಿಸುವುದಕ್ಕೂ ಕ್ರಮವಿದೆ. ಮನೆಯಲ್ಲಿ ಪಂಚೆಯನ್ನು ಮಡಿಸಿದಂತೆ ಅಚ್ಚಿನ ಮುಖವನ್ನು ಒಳಗೆ ಮಾಡಿ ಮಡಿಸಿದರೆ ಪ್ರತಿಸಲವೂ ಪೂರ್ತಿ ಬಿಚ್ಚಬೇಕಾಗುತ್ತದೆ. ಗಾಳಿಯಲ್ಲಿ, ಬೇಲಿಯ ಮರೆಯಲ್ಲಿ, ಮೊಣಕಾಲೂರಿ ಕುಳಿತವನಿಗೆ ಅದು ಆಗದ ಕೆಲಸ. ಅಚ್ಚಿನ ಮುಖವನ್ನು ಹೊರಗಿಟ್ಟು ಮೊದಲು ಉದ್ದಕ್ಕೆ ಮಡಿಸಿ, ಅನಂತರ ಬೀಸಣಿಗೆಯಂತೆ ಹಿಂದುಮುಂದಾಗಿ ನೆರಿಗೆ ಹಿಡಿಯಬೇಕು. ಪುಸ್ತಕದ ಪುಟವನ್ನು ತಿರುವಿದಂತೆ ಒಂದೊಂದೇ ನೆರಿಗೆ ತಿರುವಿದರೆ ಮುಂದಿನ ನೆಲ ತೆರೆಯುತ್ತ ಹೋಗುತ್ತದೆ. ಇಪ್ಪತ್ತೈದು ಸೆಂಟಿಮೀಟರಿನ ಒಂದು ಮುಖ ಹನ್ನೆರಡೂವರೆ ಕಿಲೋಮೀಟರನ್ನು ತೋರುತ್ತದೆ. ಅರ್ಧ ದಿನದ ನಡಿಗೆಗೆ ಅಷ್ಟು ಸಾಕು. ಹಾಳೆಯ ಸಂಖ್ಯೆ ಮೇಲ್ಮುಖದಲ್ಲಿ ಕಾಣುತ್ತಿರಬೇಕು. ಮೊದಲು ಬೇಕಾಗುವುದು ಮೇಲೆ, ಕಡೆಗೆ ಬೇಕಾಗುವುದು ಕೆಳಗೆ. ಮುಗಿದದ್ದು ಕಟ್ಟಿನ ಅಡಿಗೆ. ಕತ್ತಲೆಯಲ್ಲಿ ಕೈ ಹಾಕಿದರೂ ಎಷ್ಟನೆಯದು ಯಾವುದೆಂದು ಬೆರಳಿಗೇ ತಿಳಿಯಬೇಕು. ಜಂಗಮನ ಜೋಳಿಗೆಯಲ್ಲಿ ವಿಭೂತಿಯ ಕರಡಿಗೆ ಎಲ್ಲಿದೆಯೆಂದು ಆತ ನೋಡಿ ಹುಡುಕುತ್ತಾನೆಯೆ? ಹಾಗೆ.

ಪಾರದರ್ಶಕವಾದ ಚೀಲದಲ್ಲಿ ಹಾಳೆಯನ್ನಿಟ್ಟು ಅದರ ಮೇಲೆ ಮೇಣದ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ. ಕಾಗದದ ಮೇಲೆ ಹಾಕುವುದಿಲ್ಲ. ಇದರಲ್ಲಿ ಕಾಗದವನ್ನು ಉಳಿಸುವ ಉದ್ದೇಶವಷ್ಟೇ ಅಲ್ಲ, ಜನರನ್ನು ಉಳಿಸುವ ಉದ್ದೇಶವೂ ಇದೆ. ತನ್ನ ಕಡೆಯವರು ಎಲ್ಲೆಲ್ಲಿ ಇದ್ದಾರೆಂದು ಗುರುತು ಮಾಡಿದ ಹಾಳೆ ವೈರಿಯ ಕೈಗೆ ಬಿದ್ದರೆ ಹೊತ್ತವನೊಬ್ಬನ ಹಾನಿಯಿಂದ ಮುಗಿಯುವುದಿಲ್ಲ. ಮೇಣದ ಗುರುತನ್ನು ಹೆಬ್ಬೆರಳಿನಿಂದ ಒರೆಸಿಬಿಡಬಹುದು. ಹಾಗೆಯೇ ದಿಕ್ಸೂಚಿಯನ್ನು ಬಂದೂಕಿನ ಪಕ್ಕದಲ್ಲಿಟ್ಟು ನೋಡಬಾರದೆಂಬುದೂ ಈ ಅಣಿಗೊಳಿಸುವಿಕೆಯ ಒಂದು ಭಾಗ. ಕಬ್ಬಿಣ ಸೂಜಿಯನ್ನು ಎಳೆಯುತ್ತದೆ. ಒಂದೇ ಒಂದು ಅಂಶ ತಪ್ಪಿದರೂ ಕಿಲೋಮೀಟರಿಗೆ ಸುಮಾರು 17 ಮೀಟರು ಬದಿಗೆ ಸರಿದಂತೆ. ಬಯಲಿನಲ್ಲಿ ಅದು ಏನೂ ಅಲ್ಲ. ಘಟ್ಟದ ಕಾಡಿನಲ್ಲಿ ನಾಲ್ಕೈದು ಅಂಶ ತಪ್ಪಿ ಐದಾರು ಕಿಲೋಮೀಟರು ನಡೆದವನು ಬೇರೆ ಹಳ್ಳದೊಳಕ್ಕೇ ಇಳಿದಿರುತ್ತಾನೆ.

ಮಳೆಯ ಮಾತು ಬೇರೆಯೇ. ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಅಧಿಕ ಮಳೆ. ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಕನ್ನಡದಲ್ಲಿ ಹಾಳೆಯೆಂಬ ಮಾತಿಗೆ ಎರಡು ಅರ್ಥಗಳಿರುವುದು ಇಲ್ಲಿ ಸ್ವಾರಸ್ಯವಾಗಿ ಒದಗುತ್ತದೆ. ಹೊನ್ನಾವರ ಕುಮಟೆಗಳ ತೋಟಗಳಲ್ಲಿ ಹಾಳೆಯೆಂದರೆ ಅಡಕೆಯ ಮರದಿಂದ ಉದುರುವ ಹಾಳೆ. ಅದನ್ನು ಹೊಲಿದು ಟೊಪ್ಪಿಗೆ ಮಾಡಿ ಕೂಲಿಯಾಳು ಮಳೆಯಲ್ಲಿ ನಿಶ್ಚಿಂತೆಯಾಗಿ ನಿಲ್ಲುತ್ತಾನೆ. ಆ ಹಾಳೆ ನೀರನ್ನು ತಡೆಯುತ್ತದೆ; ಕಾಲಾಳಿನ ಹಾಳೆ ನೀರನ್ನು ಕುಡಿಯುತ್ತದೆ. ನೆನೆದ ಕಾಗದ ಮೊದಲು ಹರಿಯುವುದು ಮಡಿಕೆಯಲ್ಲಿ. ಎರಡು ಮಡಿಕೆಗಳು ಸೇರುವ ಮೂಲೆಯಲ್ಲಿ ಒಂದು ತೂತು ಬೀಳುತ್ತದೆ. ಆ ತೂತಿನಲ್ಲಿ ಒಂದು ಹಳ್ಳಿ ಮಾಯವಾಗುವುದುಂಟು. ಇದನ್ನು ಬಲ್ಲ ಹಿಂದಿನವರು ಹಾಳೆಯನ್ನು ಆಯತಾಕಾರದ ತುಂಡುಗಳಾಗಿ ಕತ್ತರಿಸಿ, ನಡುವೆ ಎಳೆಯಷ್ಟು ಸಂದು ಬಿಟ್ಟು, ತೆಳುವಾದ ಬಟ್ಟೆಯ ಮೇಲೆ ಅಂಟಿಸುತ್ತಿದ್ದರು. ಮಡಿಕೆ ಬೀಳುವುದು ಬಟ್ಟೆಯ ಮೇಲೆ, ಕಾಗದದ ಮೇಲಲ್ಲ. ಎರಡನೆಯ ಮಹಾಯುದ್ಧದಲ್ಲಿ ವಿಮಾನದವರಿಗೆ ರೇಷ್ಮೆಯ ಮೇಲೆ ಅಚ್ಚು ಮಾಡಿದ ನಕ್ಷೆಗಳನ್ನೇ ಕೊಟ್ಟಿದ್ದರು; ಮುದುರಿದರೆ ಸದ್ದಿಲ್ಲ, ನೆನೆದರೆ ಕೇಡಿಲ್ಲ. ಭೂಪಟ ಮತ್ತೆ ಪಟವಾಯಿತು.

ಕಾಗದದ ನಕ್ಷೆಗಳು ಬರುವ ಮುನ್ನ ಈ ನಾಡಿನಲ್ಲಿ ನೆಲವನ್ನು ಗುರುತಿಸುವ ವಿದ್ಯೆ ಇರಲಿಲ್ಲವೆಂದು ಯಾರೂ ತಿಳಿಯಬಾರದು. ದಾನಶಾಸನಗಳ ಕೊನೆಯಲ್ಲಿ ಬರುವ ಚತುಸ್ಸೀಮೆಯ ವಿವರವನ್ನು ಓದಿದವರಿಗೆ ಇದು ಗೊತ್ತು. ಮೂಡಲಿಗೆ ಇಂಥ ಹಳ್ಳ, ತೆಂಕಲಿಗೆ ಹುಣಿಸೆಯ ಮರ, ಪಡುವಲಿಗೆ ಹುತ್ತ, ಬಡಗಲಿಗೆ ನೆಟ್ಟ ಕಲ್ಲು ಎಂದು ಪ್ರದಕ್ಷಿಣಾಕಾರವಾಗಿ ನಡೆದು ಹೋದವನ ಹೆಜ್ಜೆಯೇ ಅಲ್ಲಿ ಬರೆಹವಾಗಿದೆ. ವಿಷ್ಣುಕ್ಷೇತ್ರದ ಮೇರೆಗೆ ವಾಮನಮುದ್ರೆಯ ಕಲ್ಲು, ಶಿವಕ್ಷೇತ್ರದ ಮೇರೆಗೆ ಲಿಂಗಮುದ್ರೆಯ ಕಲ್ಲು. ಅವು ಕಲ್ಲಿನ ನಕ್ಷೆಗಳು, ಆದರೆ ಸ್ಥಾವರಗಳು. ಊರಿನವನಿಗೆ ಅವು ಸಾಕು. ಪರ ಊರಿನಿಂದ ನಡೆದು ಬರುವವನಿಗೆ ಜಂಗಮವಾದ ನಕ್ಷೆ ಬೇಕಾಗುತ್ತದೆ.

ಆ ನಕ್ಷೆ ಬಹುಕಾಲ ಮನುಷ್ಯರೂಪದಲ್ಲಿಯೇ ಇತ್ತು. ದಾರಿ ಬಲ್ಲ, ಸುದ್ದಿ ತರುವ ಓಟಗಾರನಿಗೆ ಹರಿಕಾರನೆಂದು ಹೆಸರು. ಈಗ ಯಾವುದೋ ಸಾಹಿತ್ಯ ಮಾರ್ಗದ ಹರಿಕಾರರೆಂದು ಸಭೆಗಳಲ್ಲಿ ಗಣ್ಯರನ್ನು ಹೊಗಳುವಾಗ ಆ ಶಬ್ದ ಒಂದು ಕಾಲದಲ್ಲಿ ಬೆವರು ಸುರಿಸುತ್ತ ಸೈನ್ಯದ ಮುಂದೆ ಓಡುತ್ತಿತ್ತೆಂಬುದು ಯಾರಿಗೂ ನೆನಪಾಗುವುದಿಲ್ಲ. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನ ಸೈನ್ಯ ಹೊನ್ನಾವರದ ಕೋಟೆಯನ್ನು ಹಿಡಿದು, ಕರಾವಳಿಯಲ್ಲಿ ಕುಂದಾಪುರಕ್ಕೆ ಸಾಗಿ, ಹೊಸಂಗಡಿಯ ಘಟ್ಟವನ್ನು ಹತ್ತಿ ಬಿದನೂರನ್ನು ಸೇರಿದಾಗ ಇಂದಿನಂತಹ ಹಾಳೆಗಳು ಯಾರ ಬಳಿಯೂ ಇರಲಿಲ್ಲ. ಹತ್ತಿದವರು ಕೆಲವೇ ತಿಂಗಳಲ್ಲಿ ಟಿಪ್ಪುವಿನ ಸೆರೆಯಾದರು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಭಟ್ಕಳ ಹೊನ್ನಾವರ ಕುಮಟೆಗಳ ಮೂಲಕ ಸಾಗುತ್ತ ಬೆಳೆ, ಮಣ್ಣು, ಜನ, ದಾರಿಗಳನ್ನು ಬರೆದಿಟ್ಟುಕೊಂಡ. 1807ರಲ್ಲಿ ಅಚ್ಚಾದ ಆ ಸಂಪುಟಗಳು ಇಂದಿಗೂ ಈ ಸೀಮೆಯ ಚರಿತ್ರೆಗೆ ಆಧಾರ.

ಅದೇ ಕಾಲದಲ್ಲಿ ಮೈಸೂರು ಸೀಮೆಯನ್ನು ಅಳೆಯಲು ತೊಡಗಿದ್ದ ಕಾಲಿನ್ ಮೆಕೆಂಜಿಯ ಬಿಡಾರದಲ್ಲಿ ಸರಪಳಿ ಹಿಡಿದವರ ಜೊತೆಗೆ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನೂ ಇದ್ದ. ಹಳಗನ್ನಡದ ಶಾಸನಗಳನ್ನು ಓದಿ ಹೇಳುವುದು ಅವನ ಕೆಲಸ. ಅಳೆಯುವವನಿಗೆ ಊರಿನ ದೂರ ಸಿಗುತ್ತದೆ. ಊರಿನ ಹೆಸರು ಏಕೆ ಹೀಗಾಯಿತೆಂಬುದಕ್ಕೆ ಪಂಡಿತ ಬೇಕು. ಮೆಕೆಂಜಿ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಧರ್ಮಯ್ಯನ ಹೆಸರು ಶಾಸನಾಭ್ಯಾಸಿಗಳ ನಡುವೆ ಮಾತ್ರ ಉಳಿದಿದೆ. ಕನ್ನಡ ಪಂಡಿತರ ಪಾಲಿಗೆ ಇದು ಹೊಸ ಅನುಭವವೇನಲ್ಲ.

ನೆಲವನ್ನು ತ್ರಿಕೋನಗಳಿಂದ ಅಳೆದ ವಿಲಿಯಂ ಲ್ಯಾಂಬ್ಟನ್ ಮೊದಲಿಗೆ 33ನೆಯ ಕಾಲಾಳು ಪಡೆಗೆ ಸೇರಿದವನು. 1799ರ ಏಪ್ರಿಲಿನಲ್ಲಿ ಶ್ರೀರಂಗಪಟ್ಟಣದ ಬಳಿ ಒಂದು ರಾತ್ರಿ ಜನರಲ್ ಬೇರ್ಡನ ತುಕಡಿ ಕತ್ತಲೆಯಲ್ಲಿ ದಿಕ್ಕು ತಪ್ಪಿ ವೈರಿಯ ಪಾಳೆಯದತ್ತ ಸಾಗುತ್ತಿತ್ತು. ಆಕಾಶದಲ್ಲಿ ನಕ್ಷತ್ರಗಳನ್ನು ನೋಡಿಕೊಂಡು ಬರುತ್ತಿದ್ದ ಲ್ಯಾಂಬ್ಟನ್ ಅದನ್ನು ಹೇಳಿದಾಗ ಸೇನಾನಿ ಮೊದಲು ನಂಬಲಿಲ್ಲವಂತೆ. ದೀಪ ಹಚ್ಚಿ ದಿಕ್ಸೂಚಿ ನೋಡಿದಾಗ ಅವನ ಮಾತೇ ನಿಜವಾಯಿತು. ಮುಂದೆ 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದು, ಬೆಂಗಳೂರಿನ ಮೇಲೆ ತ್ರಿಕೋನಗಳ ಸರಣಿಯನ್ನು ಎಳೆಯುತ್ತ ಮಂಗಳೂರಿನ ಕಡಲನ್ನು ಮುಟ್ಟಿದಾಗ ಪರ್ಯಾಯದ್ವೀಪದ ಅಗಲ ಹಳೆಯ ನಕ್ಷೆಗಳಲ್ಲಿ ಇದ್ದುದಕ್ಕಿಂತ ಸುಮಾರು 40 ಮೈಲು ಕಡಮೆಯೆಂದು ತಿಳಿದುಬಂತು. ಎಷ್ಟೋ ಊರುಗಳು ಕಾಗದದ ಮೇಲೆ ತಮ್ಮ ಸ್ಥಾನವನ್ನು ಬದಲಾಯಿಸಿದವು. ಆ ಅಳತೆಗೆ ಬಳಸಿದ ಥಿಯೊಡೊಲೈಟ್ ಯಂತ್ರ ಅರ್ಧ ಟನ್ನಿನಷ್ಟು ಭಾರ. ಬೆಟ್ಟದ ನೆತ್ತಿಗೆ ಅದನ್ನು ಹೊತ್ತವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಇಷ್ಟೆಲ್ಲ ಅಳೆದ ಮೇಲೂ ಹಾಳೆಗೂ ನೆಲಕ್ಕೂ ಹೊಂದಾಣಿಕೆ ತಪ್ಪಿದರೆ ಬೆಲೆ ತೆರುವವನು ಕಾಲಾಳೇ ಎಂಬುದಕ್ಕೆ 1962 ಸಾಕ್ಷಿ. ಆ ವರ್ಷದ ಜೂನಿನಲ್ಲಿ ಈಶಾನ್ಯ ಗಡಿಯ ನಮ್ಕಾ ಚು ಹೊಳೆಯ ದಂಡೆಯಲ್ಲಿ ಅಸ್ಸಾಂ ರೈಫಲ್ಸಿನ ಒಂದು ಠಾಣೆ ಏರ್ಪಟ್ಟಿತು. ಅದಕ್ಕೆ ಧೋಲಾ ಎಂದು ಹೆಸರಿಟ್ಟರು. ಆದರೆ ಆ ಸ್ಥಳಕ್ಕೆ ಅಲ್ಲಿಯವರು ಹೇಳುತ್ತಿದ್ದ ಹೆಸರು ಚೆ ಡಾಂಗ್; ಧೋಲಾ ಕಣಿವೆದಾರಿ ಇದ್ದುದು ಬೇರೊಂದು ಕಡೆ, ದಕ್ಷಿಣಕ್ಕೆ. ನಕ್ಷೆಯಲ್ಲಿ ಎಳೆದಿದ್ದ ಗಡಿಯ ಗೆರೆ ಒಂದು ಕಡೆ, ನೀರು ಹರಿದು ಇಬ್ಭಾಗವಾಗುವ ಬೆಟ್ಟದ ಏಣು ಇನ್ನೊಂದು ಕಡೆ. ದಪ್ಪ ಲೇಖನಿಯ ಒಂದು ಗೆರೆಯ ಅಗಲದಲ್ಲಿಯೇ ಕೆಲವು ಮೈಲಿಗಳ ನೆಲ ಮುಚ್ಚಿಹೋಗುವಂತಹ ಸಣ್ಣ ಪ್ರಮಾಣದ ನಕ್ಷೆಯಿಂದ ಹುಟ್ಟಿದ ತೊಡಕು ಅದು. ಠಾಣೆಯನ್ನು ಸ್ಥಾಪಿಸಲು ಹೋದ ಕ್ಯಾಪ್ಟನ್ ಮಹಾವೀರ ಪ್ರಸಾದರು ಈ ಹೊಂದಿಕೆಯಿಲ್ಲದಿರುವಿಕೆಯನ್ನು ಮೇಲಿನವರ ಗಮನಕ್ಕೆ ತಂದಿದ್ದರು. ನೆಲದ ಮೇಲೆ ನಿಂತವನ ಕಣ್ಣು ಸುಳ್ಳು ಹೇಳಿರಲಿಲ್ಲ. ಕಾಗದಗಳ ಮಾತು ಬಲವಾಯಿತು. ಅಕ್ಟೋಬರ್ 20ರ ಬೆಳಗ್ಗೆ ಆ ಹೊಳೆಯ ದಂಡೆಯಲ್ಲಿದ್ದ 7ನೆಯ ಪದಾತಿ ಬ್ರಿಗೇಡು ನುಚ್ಚುನೂರಾಯಿತು. ಅದರ ದಂಡನಾಯಕ ಬ್ರಿಗೇಡಿಯರ್ ಜೆ. ಪಿ. ದಳವಿ ಸೆರೆಯಾದರು. ಅವರು ಬರೆದ ಹಿಮಾಲಯನ್ ಬ್ಲಂಡರ್ ಎಂಬ ಪುಸ್ತಕವನ್ನು ರವಿ ಬೆಳಗೆರೆಯವರ ಕನ್ನಡದಲ್ಲಿ ಓದಿದವರು ಅನೇಕರಿದ್ದಾರೆ. ತಪ್ಪು ಯಾರದೆಂಬ ವಾದ ಮುಗಿದಿಲ್ಲ. ಹತ್ತಿ ಉಣ್ಣೆಗಳ ಸಾಲದ ಉಡುಪಿನಲ್ಲಿ ಆ ಚಳಿಯಲ್ಲಿ ನಿಂತಿದ್ದ ಸಿಪಾಯಿಗೆ ಆ ವಾದದಲ್ಲಿ ಪಾಲಿರಲಿಲ್ಲ.

ಹಾಳೆಗೂ ವಯಸ್ಸಾಗುತ್ತದೆಯೆಂಬುದನ್ನು ಕಾಲಾಳು ಮರೆಯಬಾರದು. ಅಂಚಿನಲ್ಲಿ ಸರ್ವೇಕ್ಷಣ ನಡೆದ ವರ್ಷವನ್ನು ಅಚ್ಚು ಮಾಡಿರುತ್ತಾರೆ. ಅದನ್ನು ಓದದೆ ಹಾಳೆಯನ್ನು ಓದುವುದು ಜಾತಕದ ಹುಟ್ಟಿದ ದಿನವನ್ನೇ ಬಿಟ್ಟು ಫಲ ಹೇಳಿದಂತೆ. ಮಾವಳ್ಳಿಯ ಕಡೆಯ ಹಳೆಯ ಹಾಳೆಯಲ್ಲಿ ಕೊಂಕಣ ರೈಲಿನ ಹಳಿ ಇರಲಾರದು. ಆ ಮಾರ್ಗ ಪೂರ್ತಿಯಾಗಿ ತೆರೆದದ್ದು 1998ರ ಜನವರಿಯಲ್ಲಿ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ರೈಲು ಸೇತುವೆ 2 ಕಿಲೋಮೀಟರಿಗೂ ಮಿಗಿಲಾದ ಉದ್ದದ್ದು, ಆ ಮಾರ್ಗದಲ್ಲೆಲ್ಲ ಅತ್ಯಂತ ದೀರ್ಘವಾದುದು. ಹಳೆಯ ಹಾಳೆಯ ಕಣ್ಣಿಗೆ ಅಲ್ಲಿ ಬರಿಯ ನೀರು. ಹೆದ್ದಾರಿಯ ಅಂಕೆ 17 ಇದ್ದುದು 66 ಆಯಿತು. ರಾಜಗೋಪುರದ ಸಂಗತಿ ಹೇಳಿಯಾಗಿದೆ. ಬದಲಾಗದೆ ಇರುವುದು ಗುಡ್ಡದ ಏರಿಳಿತ, ಹೊಳೆಯ ಹರಿವು, ಕಡಲಿನಲ್ಲಿ ನೇತ್ರಾಣಿ. ಆದುದರಿಂದ ಬಲ್ಲ ಸಿಪಾಯಿ ರಸ್ತೆಯನ್ನಲ್ಲ, ಕಂದು ಬಣ್ಣದ ಸಮೋನ್ನತ ರೇಖೆಗಳನ್ನು ಮೊದಲು ನಂಬುತ್ತಾನೆ. ಉಪಗ್ರಹಗಳ ನೆರವಿನಿಂದ ಇರುವ ಜಾಗವನ್ನು ಕ್ಷಣದಲ್ಲಿ ತೋರುವ ಯಂತ್ರಗಳು ಈಗ ಎಲ್ಲರ ಜೇಬಿಗೂ ಬಂದಿವೆ. ಅವು ಬಂದದ್ದು ಒಳ್ಳೆಯದೇ. ಆದರೆ ವಿದ್ಯುತ್ಕೋಶ ಬರಿದಾದ ಮೇಲೆ ಆ ಯಂತ್ರಕ್ಕೆ ಮಡಿಕೆಯೂ ಇಲ್ಲ, ಮಡಿಲೂ ಇಲ್ಲ.

ಪಾಠಶಾಲೆಗಳಿಗೆ ಈ ವಿಷಯದಲ್ಲಿ ಬಹುಕಾಲ ಒಂದು ಅಡ್ಡಿಯಿತ್ತು. ಗಡಿಯ ಮತ್ತು ಕರಾವಳಿಯ ಪಟ್ಟಿಗೆ ಸೇರಿದ ಹಾಳೆಗಳು ನಿರ್ಬಂಧಿತವಾಗಿದ್ದುದರಿಂದ ಭಟ್ಕಳದ ಹುಡುಗ ಬಯಲುಸೀಮೆಯ ಯಾವುದೋ ಹಾಳೆಯಲ್ಲಿ ಕೆರೆ ಗುಡಿ ಬಾವಿಗಳ ಚಿಹ್ನೆಗಳನ್ನು ಕಲಿಯಬೇಕಾಗಿತ್ತು; ತನ್ನ ಮನೆಯ ಹಿಂದಿನ ಹೊಳೆ ಹಾಳೆಯಲ್ಲಿ ಹೇಗೆ ಕಾಣುತ್ತದೆಯೆಂಬುದು ಅವನಿಗೆ ತಿಳಿಯುತ್ತಿರಲಿಲ್ಲ. 1948ರ ಶಾಸನದಿಂದ ಹುಟ್ಟಿದ ಎನ್.ಸಿ.ಸಿ.ಯ ತರಗತಿಗಳಲ್ಲಿ ಭೂಪಟ ಪಠಣವು ಪಾಠಕ್ರಮದ ಒಂದು ಭಾಗವಾಗಿ ಬಂದಿದೆ. ಪೂರ್ವಾಂಕೆಯನ್ನು ಮೊದಲು, ಉತ್ತರಾಂಕೆಯನ್ನು ಆಮೇಲೆ ಹೇಳಬೇಕೆಂಬ ಆರು ಅಂಕೆಗಳ ಸೂತ್ರವನ್ನು ಕಂಠಸ್ಥ ಮಾಡಿದ ಹುಡುಗರು ಎಷ್ಟೋ ಜನ ಮುಂದೆ ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರಕ್ಕೋ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸಿಗೋ ಹೋಗಿ ಸೇರಿದ್ದಾರೆ. ಸೂತ್ರ ಬಾಯಲ್ಲಿದ್ದು ಹಾಳೆ ಕೈಯಲ್ಲಿಲ್ಲದ ವಿದ್ಯಾಭ್ಯಾಸ ಅದು. ಅಮರಕೋಶವನ್ನು ಉರು ಹೊಡೆದು ಕಾವ್ಯವನ್ನೇ ಮುಟ್ಟದವರಂತೆ.

ಈಗ ಆ ಅಡ್ಡಿ ಇಲ್ಲ. 2005ರ ರಾಷ್ಟ್ರೀಯ ನಕ್ಷಾನೀತಿ ಸೇನೆಯ ಬಳಕೆಗೆ ಒಂದು, ಜನರ ಬಳಕೆಗೆ ಒಂದು ಎಂದು ಎರಡು ಸರಣಿಗಳನ್ನು ಬೇರೆ ಮಾಡಿತು. ಇಲಾಖೆಗೆ 250 ವರ್ಷ ತುಂಬಿದ 2017ರಲ್ಲಿ ಜನರ ಸರಣಿಯ ಹಾಳೆಗಳನ್ನು ಉಚಿತವಾಗಿ ಇಳಿಸಿಕೊಳ್ಳುವ ವ್ಯವಸ್ಥೆಯಾಯಿತು. ಅದಕ್ಕೆ ಇಟ್ಟ ಹೆಸರೂ ನಕ್ಷೆ ಎಂದೇ. 2021ರ ಫೆಬ್ರವರಿಯಲ್ಲಿ ಇನ್ನಷ್ಟು ಕಟ್ಟುಗಳು ಸಡಿಲವಾದವು. ಹೊಸ ಸರಣಿಯಲ್ಲಿ ಅಂಕೆಗಳ ಕ್ರಮ ಬೇರೆ, ಆದರೆ ಚೌಕದ ಅಳತೆ ಹಳೆಯದೇ; ಮಾವಳ್ಳಿ ಇಂದಿಗೂ ಕಡಲಿನ ಹಾಳೆಯ ಅಂಚಿನಲ್ಲೇ ಇದೆ.

ಆದಕಾರಣ ಈ ನಾಲ್ಕು ಹಾಳೆಗಳನ್ನು ಜೋಡಿಸುವುದು ಯಾವ ಶಾಲೆಯಲ್ಲಾದರೂ ಒಂದು ಮಧ್ಯಾಹ್ನದ ಕೆಲಸ. ಪಡುವಣ ಹಾಳೆಯ ಬಲದ ಅಂಚನ್ನು ಗೆರೆಗೆ ಸರಿಯಾಗಿ ಕತ್ತರಿಸಬೇಕು; ಮೂಡಣ ಹಾಳೆಯ ಎಡದ ಅಂಚನ್ನು ಅಂಟು ಹಚ್ಚುವುದಕ್ಕೆ ಬಿಡಬೇಕು. ಉತ್ತರದ ಹಾಳೆಯ ಅಡಿಯಂಚು ಹೋಗುತ್ತದೆ, ದಕ್ಷಿಣದ್ದರ ಮೇಲಂಚು ಉಳಿಯುತ್ತದೆ. ಕತ್ತರಿಸಿದ ಅಂಚಿನ ಜೊತೆಯಲ್ಲಿ ಹಾಳೆಯ ಸಂಖ್ಯೆ, ಪ್ರಮಾಣ, ಸರ್ವೇಕ್ಷಣದ ವರ್ಷಗಳು ಹೋಗಿಬಿಡುವುದರಿಂದ ಮುಂಚೆಯೇ ಅವನ್ನು ಹಿಂಬದಿಯಲ್ಲಿ ಬರೆದುಕೊಳ್ಳಬೇಕು. ಅಂಟಿಗೆ ಅಂಗಡಿಯದು ಬೇಡ. ಪುಸ್ತಕ ಕಟ್ಟುವವರು ಮಾಡುವಂತೆ ಮೈದಾ ಹಿಟ್ಟನ್ನು ಕುದಿಸಿ ಚಿಟಿಕೆ ಮೈಲುತುತ್ತ ಹಾಕಿದರೆ ಹುಳು ಹತ್ತುವುದಿಲ್ಲ. ಕೆಳಗೆ ತೊಳೆದು ಗಂಜಿ ತೆಗೆದ ತೆಳುವಾದ ಖಾದಿ. ರಸ್ತೆಯ ಗೆರೆ ಹಾಳೆಯಿಂದ ಹಾಳೆಗೆ ಮುರಿಯದೆ ದಾಟಿತೇ ಎಂದು ನೋಡುವುದಕ್ಕೆ ಒಬ್ಬ ಹುಡುಗ, ಹೊಳೆಯ ಗೆರೆಯನ್ನು ನೋಡುವುದಕ್ಕೆ ಇನ್ನೊಬ್ಬ. ಒಣಗಿದ ಮೇಲೆ ಭಟ್ಕಳದಿಂದ ಕುಮಟೆಯವರೆಗಿನ ನೆಲ ಒಂದೇ ಬಟ್ಟೆಯ ಮೇಲೆ ಬಿದ್ದಿರುತ್ತದೆ. ಎಡಗಡೆ ಅರ್ಧದಷ್ಟು ನೀಲಿ, ಅದರಂಚಿನಲ್ಲಿ ಮುರ್ಡೇಶ್ವರ, ಅಲ್ಲಿಂದ ಬಲಕ್ಕೆ ಮೂರು ಸೆಂಟಿಮೀಟರು ದಾಟಿದರೆ ಬೆರಳಿಗೆ ತಾಗುವ ಒಂದು ಸಣ್ಣ ಬೆಸುಗೆ.